ಮಾಟುಂಗಾದ ರವಿವಾರ: ಒಂದು ಉಪನಗರದ ಊಟ-ವಿಹಾರಗಳ ಚರಿತ್ರೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಸಂಘಸಂಸ್ಥೆಗಳ ವರದಿಗಳಿಂದ ಆರಂಭಿಸುವುದು ವಾಡಿಕೆಯಾಗಿದೆ. ಯಾವ ಸಂಘವು ಯಾವ ವರ್ಷದಲ್ಲಿ ಹುಟ್ಟಿತು, ಯಾವ ನಾಟಕವನ್ನು ಆಡಿತು, ಯಾವ ವಿದ್ವಾಂಸರನ್ನು ಬರಮಾಡಿಕೊಂಡಿತು ಎಂಬ ಸಂಗತಿಗಳು ಅಚ್ಚಿನಲ್ಲಿ ಉಳಿದುಬಂದಿರುವುದರಿಂದ ಅವೇ ಚರಿತ್ರೆಯೆನಿಸಿಕೊಂಡಿವೆ. ನಾಟಕ ಮುಗಿದ ಮೇಲೆ ಪ್ರೇಕ್ಷಕನು ಎಲ್ಲಿ ಉಂಡನು, ಅವನಿಗೆ ಬಡಿಸಿದವನು ಯಾರು, ಬಡಿಸಿದವನು ಯಾವ ದಿನ ವಿಶ್ರಮಿಸಿದನು ಎಂಬ ಪ್ರಶ್ನೆಗಳಿಗೆ ವರದಿಗಳಲ್ಲಿ ಉತ್ತರ ದೊರೆಯುವುದು ವಿರಳ. ಆದರೆ ವಲಸೆ ಬಂದ ಜನರ ಬಾಳು ಸಭಾಭವನದಲ್ಲಿ ಬೆಳೆದಷ್ಟೇ ಎಲೆಯ ಮುಂದೆಯೂ ಬೆಳೆದಿದೆ. ಇದಕ್ಕೆ ಮಾಟುಂಗಾದ ರವಿವಾರಕ್ಕಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ.

ಮಾಟುಂಗಾ ತಾನಾಗಿ ಬೆಳೆದ ಊರಲ್ಲ. ನಕ್ಷೆಯಿಟ್ಟು ಕಟ್ಟಿಸಿದ ಬಡಾವಣೆ. 1896ರಲ್ಲಿ ಮುಂಬಯಿಗೆ ತಗಲಿದ ಪ್ಲೇಗು ಇಕ್ಕಟ್ಟಾದ ಚಾಳುಗಳ ಭೀಕರ ಸ್ಥಿತಿಯನ್ನು ಸರಕಾರದ ಕಣ್ಣಿಗೆ ಕಾಣಿಸಿತು. ಅದರ ಫಲವಾಗಿ 1898ರ ಶಾಸನದನ್ವಯ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು ಅಸ್ತಿತ್ವಕ್ಕೆ ಬಂದಿತು. ನಗರದ ಉತ್ತರಕ್ಕೆ ದಾದರ, ಮಾಟುಂಗಾ, ವಡಾಳಾ, ಸಾಯನ ಪ್ರದೇಶಗಳ ಭೂಮಿಯನ್ನು ವಶಪಡಿಸಿಕೊಂಡು, ಅಗಲವಾದ ರಸ್ತೆಗಳನ್ನು ಎಳೆದು, ಇಬ್ಬದಿಯಲ್ಲಿ ಸಾಲುಮರಗಳನ್ನು ನೆಡಿಸಿ, ನಿವೇಶನಗಳನ್ನು ಗೇಣಿಗೆ ಕೊಟ್ಟುದು ಈ ಟ್ರಸ್ಟು. 1933ರಲ್ಲಿ ಟ್ರಸ್ಟಿನ ಕಾರ್ಯಭಾರವು ಮುನಿಸಿಪಾಲಿಟಿಗೆ ಸೇರಿಹೋಯಿತು; ಆದರೆ ಅದು ಹಾಕಿದ ರೇಖೆಗಳು ಇಂದಿಗೂ ಅಳಿದಿಲ್ಲ. ಕಿಂಗ್ಸ್ ಸರ್ಕಲ್ ಎಂಬ ಹೆಸರಿನ ವರ್ತುಲೋದ್ಯಾನವು ಈಗ ಮಹೇಶ್ವರೀ ಉದ್ಯಾನವೆನಿಸಿದೆ. ಅದಕ್ಕೆ ಸಮೀಪದಲ್ಲಿ, ಮಂಚೇರ್‌ಜಿ ಜೋಶಿಯವರ ಪ್ರಯತ್ನದಿಂದ ನೆಲೆಗೊಂಡ ದಾದರ ಪಾರಸೀ ಕಾಲೊನಿಯ ಅಂಚಿಗೆ, ಐದು ತೋಟಗಳ ಸಮೂಹವಾದ ಫೈವ್ ಗಾರ್ಡನ್ಸ್ ಇದೆ. ಅದಕ್ಕೀಗ ಅವರ ಹೆಸರನ್ನೇ ಇಡಲಾಗಿದೆ.

ಹೊಸ ಬಡಾವಣೆಯ ಮನೆಗಳ ರಚನೆಯೂ ಗಮನಾರ್ಹವಾದುದು. ಚಾಳಿನಲ್ಲಿ ನಲ್ಲಿ, ಶೌಚಗೃಹಗಳು ಹಲವು ಸಂಸಾರಗಳಿಗೆ ಸಮಾನವಾಗಿದ್ದರೆ, ಇಲ್ಲಿಯ ಫ್ಲ್ಯಾಟುಗಳಲ್ಲಿ ಅಡಿಗೆಮನೆ, ಸ್ನಾನಗೃಹ, ಶೌಚಗೃಹಗಳೆಲ್ಲವೂ ಒಂದೇ ಸಂಸಾರಕ್ಕೆ ಸೇರಿದುವಾಗಿ ಮನೆಯೊಳಗೇ ಇದ್ದುವು. ಕೋಟೆಯ ಕಚೇರಿಗಳಲ್ಲಿ ಗುಮಾಸ್ತೆ, ಲೆಕ್ಕಿಗ, ಶೀಘ್ರಲಿಪಿಕಾರರಾಗಿ ದುಡಿಯುತ್ತಿದ್ದ ದಕ್ಷಿಣದವರಿಗೆ ಇಂತಹ ಮನೆಯು ಮಡಿಮೈಲಿಗೆಯ ದೃಷ್ಟಿಯಿಂದಲೂ ಸಂಬಳದ ದೃಷ್ಟಿಯಿಂದಲೂ ಒಗ್ಗಿತು. ಟ್ರಾಮು ಕಿಂಗ್ಸ್ ಸರ್ಕಲಿನವರೆಗೆ ಓಡುತ್ತಿದ್ದಿತು. ರೈಲು ನಿಲ್ದಾಣವು ಕಾಲ್ನಡಿಗೆಯ ದೂರದಲ್ಲಿದ್ದಿತು. ಹೀಗೆ ಕಚೇರಿಯು ಕೋಟೆಯಲ್ಲಿ, ಮನೆಯು ಮರಗಳ ನೆರಳಿನಲ್ಲಿ ಎಂಬ ಹೊಸ ಬಾಳಿನ ಕ್ರಮವು ಸಾಧ್ಯವಾಯಿತು.

ಈ ಕ್ರಮದೊಂದಿಗೆ ಬಂದುದು ವಾರದ ಲೆಕ್ಕ. ಹಳ್ಳಿಯ ಒಕ್ಕಲಿಗನಿಗೆ ಏಕಾದಶಿ, ಅಮಾವಾಸ್ಯೆ, ಸಂತೆಯ ದಿನ, ಜಾತ್ರೆಯ ದಿನಗಳು ಗೊತ್ತು. ಏಳನೆಯ ದಿನ ಕೆಲಸ ನಿಲ್ಲಿಸಬೇಕೆಂಬುದು ಗೊತ್ತಿರಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ರವಿವಾರದ ರಜೆ ದೊರೆತುದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ. ಕಚೇರಿಯ ನೌಕರರಿಗಾದರೋ ಶನಿವಾರ ಅರ್ಧ ದಿನ, ರವಿವಾರ ಪೂರ್ಣ ದಿನ ಬಿಡುವೆಂಬುದು ಬಹುಕಾಲ ನಡೆದುಬಂದ ಪದ್ಧತಿ. ಬ್ಯಾಂಕುಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಪೂರ್ಣ ರಜೆಯಾದುದು 2015ರಲ್ಲಿ. ಆದುದರಿಂದ ಹಳೆಯ ಮಾಟುಂಗಾದ ವಿಹಾರವೆಂದರೆ ವಾರಾಂತ್ಯದ ವಿಹಾರವಲ್ಲ; ರವಿವಾರವೊಂದರ ವಿಹಾರ.

ಮಾಟುಂಗಾಕ್ಕೆ ಬಂದ ಕನ್ನಡಿಗರೆಲ್ಲರೂ ಒಂದೇ ಬಗೆಯವರಾಗಿರಲಿಲ್ಲ ಎಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. 1956ರ ರಾಜ್ಯ ಪುನರ್ರಚನೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದುವು. ಆ ಭಾಗದವರಿಗೆ ಮುಂಬಯಿಯು ತಮ್ಮದೇ ರಾಜಧಾನಿ. ಮೈಸೂರಿನವನು ಸಂಸ್ಥಾನದ ಪ್ರಜೆ. ಅಲ್ಲಿಂದ ಬಂದವರ ಮೈಸೂರು ಅಸೋಸಿಯೇಶನ್ 1926ರಲ್ಲಿ ಸ್ಥಾಪಿತವಾಗಿ ಮಾಟುಂಗಾದಲ್ಲಿಯೇ ನೆಲೆಸಿತು. ದಕ್ಷಿಣ ಕನ್ನಡವಾದರೋ ಮದರಾಸು ಪ್ರಾಂತದ ಜಿಲ್ಲೆ. ಉಡುಪಿ, ಕಾರ್ಕಳ, ಕುಂದಾಪುರಗಳ ಹುಡುಗನಿಗೆ ಮುಂಬಯಿಯು ಕಡಲ ದಾರಿಯ ಪರಸ್ಥಳ. ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದುದು 1907ರಲ್ಲಿಯೇ ಆದರೂ, ಕರಾವಳಿಗುಂಟ ಮುಂಬಯಿಗೆ ನೇರವಾದ ರೈಲುದಾರಿ ತೆರೆದುದು 1998ರಲ್ಲಿ, ಕೊಂಕಣ ರೈಲ್ವೆಯಿಂದ. ಅದುವರೆಗೆ ಮೊದಲು ಉಗಿಹಡಗು, ಮುಂದೆ ಬಸ್ಸುಗಳೇ ಆಧಾರ. ಮಳೆಗಾಲದಲ್ಲಿ ಹಡಗು ನಿಂತರೆ ಊರು ಮತ್ತಷ್ಟು ದೂರವಾಗುತ್ತಿದ್ದಿತು.

ಊಟದಲ್ಲಿಯೂ ಇವರು ಭಿನ್ನರೇ. ವಿಜಾಪುರದವನಿಗೆ ಜೋಳದ ರೊಟ್ಟಿ, ಕರಾವಳಿಯವನಿಗೆ ಕುಚ್ಚಿಲಕ್ಕಿಯ ಅನ್ನ, ಮೈಸೂರಿನವನಿಗೆ ಹುಳಿ, ಸಾರು. ಇಡ್ಲಿ ಸಾಂಬಾರನ್ನು ಬಡಗಣ ಕನ್ನಡಿಗನು ಗುಜರಾತಿಯಂತೆಯೇ ಹೊಸದಾಗಿ ಕಲಿಯಬೇಕಾಯಿತು. ಕನ್ನಡಿಗರಿಗೆ ಒಂದೇ ಊಟವೆಂಬುದು ಕರ್ನಾಟಕದಲ್ಲಿ ಇರಲಿಲ್ಲ. ಅಂತಹದೊಂದು ಸಮಾನವಾದ ಎಲೆಯು ಸಿದ್ಧವಾದುದು ಮುಂಬಯಿಯ ಭೋಜನಾಲಯದಲ್ಲಿ. ರಾಜ್ಯದ ಏಕೀಕರಣಕ್ಕೆ ಮುನ್ನವೇ ಎಲೆಯ ಮೇಲೆ ಒಂದು ಬಗೆಯ ಏಕೀಕರಣ ನಡೆದಿತ್ತೆಂದರೆ ಅತಿಶಯೋಕ್ತಿಯಾಗದು.

ಆ ಭೋಜನಾಲಯಗಳ ಕಾಲಾನುಕ್ರಮವು ಹೀಗಿದೆ: ಎ. ರಾಮ ನಾಯಕರ ಕೆಫೆ ಮೈಸೂರು 1936ರಲ್ಲಿ, ರಾಮಾಶ್ರಯ 1939ರಲ್ಲಿ, ಕೆಫೆ ಮದ್ರಾಸ್ 1940ರಲ್ಲಿ, ಪುನಃ ರಾಮ ನಾಯಕರದೇ ಆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾದುವು. ಆರು ವರ್ಷಗಳ ಅವಧಿಯಲ್ಲಿ ಕಾಲ್ನಡಿಗೆಯ ಅಂತರದೊಳಗೆ ಇಷ್ಟು ಒಲೆಗಳು ಹೊತ್ತಿದುದು ಆಕಸ್ಮಿಕವಲ್ಲ. 1937ರಲ್ಲಿ ಸಮೀಪದಲ್ಲೇ ರೂಯಿಯಾ ಕಾಲೇಜು ತೆರೆದು, ಅದಕ್ಕೂ ಮುಂಚೆ ತಾಂತ್ರಿಕ ವಿದ್ಯಾಲಯವಾದ ವಿ.ಜೆ.ಟಿ.ಐ. ಇಲ್ಲಿಗೆ ಬಂದು, ವಿದ್ಯಾರ್ಥಿಗಳ ಹಸಿವು ಗುಮಾಸ್ತರ ಹಸಿವಿಗೆ ಕೂಡಿಕೊಂಡಿತು. ಹೆಸರುಗಳನ್ನು ನೋಡಿದರೆ ಮೈಸೂರು, ಮದರಾಸು, ಉಡುಪಿ. ಮಾಟುಂಗಾದ ಹೆಸರು ಒಂದಕ್ಕೂ ಇಲ್ಲ. ಇವುಗಳ ಒಡೆಯರಲ್ಲಿ, ಕೆಲಸದವರಲ್ಲಿ ಕೊಂಕಣಿ, ತುಳು ಮನೆಮಾತಿನವರು ಹೆಚ್ಚಾಗಿದ್ದು, ಕನ್ನಡವು ಅವರಿಗೆ ಶಾಲೆಯ, ಪತ್ರವ್ಯವಹಾರದ ಭಾಷೆಯಾಗಿದ್ದಿತು. ತಮಿಳರು, ಮಲೆಯಾಳಿಗಳು ನಡೆಸಿದ ಊಟದ ಮನೆಗಳೂ ಅದೇ ಬೀದಿಗಳಲ್ಲಿ ಇದ್ದುವು. ಆದುದರಿಂದ ಮಾಟುಂಗಾದ ಎಲೆಯನ್ನು ಒಂದು ಜನಾಂಗದ ಸ್ವತ್ತೆಂದು ಹೇಳುವುದು ಸರಿಯಲ್ಲ.

ಉಡುಪಿಯೆಂಬ ಹೆಸರು ಇಲ್ಲಿಗೆ ಬಂದಾಗ ಅದರ ಅರ್ಥವೂ ಮಾರ್ಪಟ್ಟಿತು. ಶ್ರೀಕೃಷ್ಣ ಮಠದ ಅನ್ನಸಂತರ್ಪಣೆ ದೇವರ ಹೆಸರಿನಲ್ಲಿ ನಡೆಯತಕ್ಕದ್ದು. ಅದಕ್ಕೆ ಬೆಲೆಯಿಲ್ಲ, ಆದರೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಪಂಕ್ತಿಯ ನಿಯಮವಿದ್ದಿತು. ಮಾಟುಂಗಾದ ಬೋರ್ಡಿಂಗಿನಲ್ಲಿ ಬೆಲೆಯುಂಟು. ಆದರೆ ಪಂಕ್ತಿಯನ್ನು ನಿರ್ಧರಿಸುವುದು ಕೂಪನಿನ ಸರದಿ. ಸರದಿ ಬಂದವನು ತೆರವಾದ ಸ್ಥಳದಲ್ಲಿ ಕುಳಿತುಕೊಳ್ಳುತ್ತಾನೆ. ಪಕ್ಕದವನ ಕುಲವನ್ನು ಕೇಳುವ ಅವಕಾಶವೇ ಇಲ್ಲ. ದಕ್ಷಿಣದ ಹಲವು ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳವಿರುತ್ತಿದ್ದ ಕಾಲವದು. ಊಟದ ಮನೆಗಳಲ್ಲಿ ಜಾತಿಯ ಕಾರಣದಿಂದ ತಡೆಯಕೂಡದೆಂದು ಸಂವಿಧಾನವು ವಿಧಿಸಿದುದು 1950ರಲ್ಲಿ. ಅಸ್ಪೃಶ್ಯತೆಯ ಆಚರಣೆಯನ್ನು ದಂಡನಾರ್ಹವೆಂದು ಸಾರಿದ ಶಾಸನವು 1955ರದು. ಕೂಪನೊಂದರಿಂದಲೇ ಸಮತೆ ಬಂದಿತೆಂದು ಹೇಳುವುದು ಅತಿಯಾದೀತು. ಅಡಿಗೆಯ ಒಲೆಯ ಬಳಿ ಜಾತಿಯ ಎಣಿಕೆ ಬಹುಕಾಲ ಉಳಿಯಿತು. ಆದರೂ ಉಣ್ಣುವವನ ಮಟ್ಟಿಗೆ ಹಣವು ಕುಲದ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿದುದು ಸಣ್ಣ ಸಂಗತಿಯಲ್ಲ.

ಬೋರ್ಡಿಂಗು ಆರಂಭವಾದ 1942 ಯುದ್ಧದ ವರ್ಷ. ಅದೇ ವರ್ಷ ಬರ್ಮಾ ದೇಶವು ಜಪಾನರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. 1943ರಲ್ಲಿ ಮುಂಬಯಿಯಲ್ಲಿ ಧಾನ್ಯದ ಪಡಿತರ ಜಾರಿಗೆ ಬಂದಿತು. ಅನ್ನವೇ ಆಹಾರವಾದ ಜನರಿಗೆ ಇದು ಕಠಿನ ಕಾಲ. ಭೋಜನಾಲಯವೊಂದು ನಿಗದಿಯಾದ ಬೆಲೆಗೆ ಹೊಟ್ಟೆ ತುಂಬ ಬಡಿಸಬೇಕಾದರೆ ಅದರ ಲೆಕ್ಕವೇ ಬೇರೆ. ಹೆಚ್ಚು ಉಣ್ಣುವವನ ನಷ್ಟವನ್ನು ಕಡಿಮೆ ಉಣ್ಣುವವನು ತುಂಬಿಕೊಡಬೇಕು. ಎಲೆಗಳ ಸಂಖ್ಯೆ ಹೆಚ್ಚಿದಷ್ಟೂ ಈ ಸರಿದೂಗಿಕೆ ಸುಲಭ. ವಾರದ ದಿನಗಳ ಆಧಾರ ತಿಂಗಳ ಲೆಕ್ಕದಲ್ಲಿ ಉಣ್ಣುವ ಒಂಟಿ ಗಂಡಸರು. ರವಿವಾರದ ಆಧಾರ ಸಂಸಾರಸಮೇತ ಬರುವವರು. ಮನೆಯಲ್ಲಿ ಅಡಿಗೆಮನೆಯಿದ್ದೂ ಹೊರಗೆ ಉಣ್ಣುವುದು ಇವರಿಗೆ ಅಗತ್ಯವಲ್ಲ, ವಿನೋದ. ಮನೆಯ ಹೆಂಗಸಿಗೆ ಒಂದು ಹೊತ್ತಿನ ಬಿಡುವು ದೊರೆಯುತ್ತಿದ್ದುದೂ ಇದರಿಂದಲೇ.

ರವಿವಾರದ ವಿಹಾರವು ದೊಡ್ಡ ಯಾತ್ರೆಯಲ್ಲ. ಬೆಳಗ್ಗೆ ಆಸ್ತಿಕ ಸಮಾಜದ ಗುಡಿ ಅಥವಾ ಭಜನ ಸಮಾಜದ ಮಂದಿರ, ಅಲ್ಲಿಂದ ದೋಸೆ, ಕಾಫಿ, ಆ ಮೇಲೆ ನಿಲ್ದಾಣದ ಎದುರಿನ ಮಾರುಕಟ್ಟೆಯಲ್ಲಿ ಮಲ್ಲಿಗೆ, ನುಗ್ಗೆಕಾಯಿ, ಬಾಳೆಯೆಲೆ, ಕರಿಬೇವಿನ ಖರೀದಿ, ಮಧ್ಯಾಹ್ನ ಎಲೆಯೂಟ, ಬಿಸಿಲು ಇಳಿದ ಮೇಲೆ ಫೈವ್ ಗಾರ್ಡನ್ಸ್‌ನಲ್ಲಿ ಮಕ್ಕಳ ಆಟ, ಹಿರಿಯರ ಮಾತು. ಅರೋರಾ ಚಿತ್ರಮಂದಿರದಲ್ಲಿ ದಕ್ಷಿಣದ ಚಿತ್ರಗಳು ಬರುತ್ತಿದ್ದುವು. 1952ರಲ್ಲಿ ಸ್ಥಾಪಿತವಾದ ಷಣ್ಮುಖಾನಂದ ಸಭೆಯು 1963ರಲ್ಲಿ ಸಾಯನದ ಬದಿಗೆ ದೊಡ್ಡ ಸಭಾಗೃಹವನ್ನು ತೆರೆದಂದಿನಿಂದ ಸಂಗೀತಪ್ರಿಯರಿಗೆ ಅದೂ ಒಂದು ನೆಪವಾಯಿತು. ದೂರದ ಉಪನಗರಗಳಿಗೆ ಮನೆ ಬದಲಿಸಿ ಹೋದವರೂ ರವಿವಾರ ಮಾಟುಂಗಾಕ್ಕೆ ಮರಳುತ್ತಿದ್ದರು. ಮೈಸೂರು ಅಸೋಸಿಯೇಶನ್, ಮತ್ತು 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘಗಳ ಕಾರ್ಯಕ್ರಮಗಳಿಗೆ ಜನ ಕೂಡಿದುದರಲ್ಲಿ ಈ ಊಟ-ವಿಹಾರಗಳ ಪಾಲೂ ಉಂಟು. ಸಭೆಗೆ ಬಂದವನು ಎಲೆಗೆ ಹೋದನು, ಎಲೆಗೆ ಬಂದವನು ಸಭೆಗೆ ಹೋದನು.

ಇದು ಚಿತ್ರದ ಒಂದು ಮುಖ. ಒಬ್ಬನ ರವಿವಾರವು ಇನ್ನೊಬ್ಬನಿಗೆ ವಾರದ ಅತ್ಯಂತ ಭಾರವಾದ ದಿನವೆಂಬುದು ಇನ್ನೊಂದು ಮುಖ. ನಸುಕಿನಲ್ಲಿ ಎದ್ದು ಹಿಟ್ಟು ರುಬ್ಬಿ, ಬೆಳಗಿನಿಂದ ರಾತ್ರಿಯವರೆಗೆ ಲೋಟ ತೊಳೆದು, ಮೇಜು ಒರೆಸಿ, ಅಂಗಡಿ ಮುಚ್ಚಿದ ಮೇಲೆ ಅಲ್ಲಿಯೇ ಮಲಗುತ್ತಿದ್ದ ಹುಡುಗರು ಅದೇ ಕರಾವಳಿಯಿಂದ ಬಂದವರು. ಊರಿನ ನಂಟನ, ನೆರೆಯವನ ಕೈಹಿಡಿದು ಹಡಗು ಹತ್ತಿದವರು. ಗಳಿಸಿದ ಹಣದ ಬಹುಭಾಗವು ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿದ್ದಿತು. ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದುದು, ತಂಗಿಯರ ಮದುವೆಯಾದುದು ಈ ಹಣದಿಂದ. ಇಂತಹ ಹುಡುಗರಿಗೆ ಅಕ್ಷರದ ದಾರಿಯಾಗಿದ್ದುವು ಕನ್ನಡದ ರಾತ್ರಿಶಾಲೆಗಳು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾಗಿ ಕರಾವಳಿಯ ಸಮಾಜಗಳ ಸಂಘಗಳು ಇವನ್ನು ನಡೆಸಿದುವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರಲ್ಲಿ ಗುಮಾಸ್ತರಾದವರು, ಶಿಕ್ಷಕರಾದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಇದ್ದಾರೆ. ಏನೂ ಆಗದೆ ಲೋಟ ತೊಳೆಯುತ್ತಲೇ ಮುದುಕರಾದವರೂ ಇದ್ದಾರೆ. ಮೊದಲನೆಯವರ ಹೆಸರು ಅಭಿನಂದನ ಗ್ರಂಥಗಳಲ್ಲಿ ಉಳಿಯಿತು, ಎರಡನೆಯವರದು ಉಳಿಯಲಿಲ್ಲ.

ಇವರಿಗೆ ರಜೆ ಯಾವಾಗ? ಅಂಗಡಿ ಮತ್ತು ಸಂಸ್ಥೆಗಳ ಕೆಲಸದ ವೇಳೆಯನ್ನು ಕಟ್ಟುಪಡಿಸಿದ ಮುಂಬಯಿ ಶಾಸನವು ಮೊದಲು 1939ರಲ್ಲಿ, ಇನ್ನೂ ವಿಸ್ತಾರವಾಗಿ 1948ರಲ್ಲಿ ಬಂದು, ಊಟದ ಮನೆಗಳ ನೌಕರರಿಗೂ ವಾರಕ್ಕೊಂದು ದಿನದ ರಜೆಯನ್ನು ವಿಧಿಸಿತು. ರವಿವಾರ ಬಾಗಿಲು ಮುಚ್ಚುವಂತಿಲ್ಲ. ಆ ದಿನದ ಎಲೆಗಳೇ ವಾರದ ಆಧಾರ. ಮಾಟುಂಗಾದ ಕೆಲವು ಹಳೆಯ ಭೋಜನಾಲಯಗಳ ಬಾಗಿಲಲ್ಲಿ ಇಂದಿಗೂ ಕಾಣುವ ಸೋಮವಾರದ ರಜೆಯ ಫಲಕವನ್ನು ಈ ದೃಷ್ಟಿಯಿಂದ ಓದಬೇಕು. ಉಣ್ಣುವವನ ರವಿವಾರಕ್ಕೆ ಬಡಿಸುವವನ ಸೋಮವಾರವು ಜೋಡಿ. ಎಳೆಯ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧವು ಜಾರಿಗೆ ಬಂದುದು 2006ರಲ್ಲಿ. ಹಡಗಿನ ಕಾಲದ ಹುಡುಗರಿಗೆ ಅದು ಅರ್ಧಶತಮಾನಕ್ಕಿಂತ ತಡವಾಗಿ ಬಂದ ನ್ಯಾಯ.

ಕಾಲ ಬದಲಾಗಿದೆ. ಟ್ರಾಮು 1964ರಲ್ಲಿ ನಿಂತಿತು. ಟ್ರಸ್ಟಿನ ಕಾಲದ ಹಲವು ಕಟ್ಟಡಗಳು ಉರುಳಿ ಎತ್ತರದ ಗೋಪುರಗಳಾಗುತ್ತಿವೆ. ರವಿವಾರ ಬೆಳಗ್ಗೆ ಇಡ್ಲಿಗಾಗಿ ಕಾಯುವ ಸಾಲಿನಲ್ಲಿ ಗುಜರಾತಿ, ಮರಾಠಿ, ಹಿಂದಿಗಳು ಕನ್ನಡಕ್ಕಿಂತ ಹೆಚ್ಚು ಕೇಳಿಬರುತ್ತವೆ. ಇದಕ್ಕೆ ವ್ಯಥೆಪಡಬೇಕಾಗಿಲ್ಲ, ಪರರು ತಮ್ಮದೆಂದು ಒಪ್ಪಿಕೊಂಡ ಊಟವು ಸೋತ ಊಟವಲ್ಲ. ವ್ಯಥೆಪಡತಕ್ಕದ್ದು ಬೇರೆ ಇದೆ. ಸಂಘಗಳ ವಾರ್ಷಿಕ ವರದಿಗಳನ್ನು ಕಾಪಾಡಿದಷ್ಟು ಜೋಪಾನವಾಗಿ ಹೋಟೆಲುಗಳ ಹಾಜರಿ ಪುಸ್ತಕಗಳನ್ನು, ಖರ್ಚಿನ ಖಾತೆಗಳನ್ನು, ರಾತ್ರಿಶಾಲೆಗಳ ದಾಖಲಾತಿ ಪುಸ್ತಕಗಳನ್ನು ಕಾಪಾಡುವ ಕೆಲಸ ಆಗಬೇಕಾಗಿದೆ. ಯಾವ ಹುಡುಗನು ಯಾವ ಗ್ರಾಮದಿಂದ ಎಷ್ಟನೆಯ ವಯಸ್ಸಿಗೆ ಬಂದನು, ಎಷ್ಟು ಸಂಬಳ ಪಡೆದನು, ಎಷ್ಟನೆಯ ಇಯತ್ತೆಯವರೆಗೆ ಓದಿದನು ಎಂಬುದನ್ನು ಹೇಳಬಲ್ಲವು ಇಂತಹ ಹಾಳೆಗಳೇ. ಕಟ್ಟಡದೊಂದಿಗೆ ಅವೂ ಉರುಳಿದರೆ, ಮಾಟುಂಗಾದ ರವಿವಾರದ ಚರಿತ್ರೆಯಲ್ಲಿ ಉಂಡವರ ಕಥೆ ಮಾತ್ರ ಉಳಿದು, ಬಡಿಸಿದವರ ಕಥೆ ಎಂಜಲೆಲೆಯೊಂದಿಗೆ ಹೊರಬೀಳುವುದು.