ಬಾನಿನ ಬಂಡಿಚಕ್ರ ಉರುಳಿಸಿದ ಒಗಟು

ಗಾಡಿಯಿಂದ ಕಳಚಿ ಆಕಾಶಕ್ಕೆ ಎಸೆದ ಚಕ್ರದಂತೆ ಕಾಣುವ ಗ್ಯಾಲಕ್ಸಿಯೊಂದು ಸ್ಕಲ್ಪ್ಟರ್ ನಕ್ಷತ್ರಪುಂಜದ ದಿಕ್ಕಿನಲ್ಲಿದೆ. ನಡುವೆ ಹೊಳೆಯುವ ಗುಂಡು, ಸುತ್ತ ದೊಡ್ಡ ಬಳೆ, ಎರಡನ್ನೂ ಕೂಡಿಸುವ ಮಸುಕಾದ ಕಡ್ಡಿಗಳು. ಹೀಗಾಗಿ ಅದಕ್ಕೆ ‘ಕಾರ್ಟ್‌ವೀಲ್’, ಅಂದರೆ ಬಂಡಿಚಕ್ರ ಎಂಬ ಹೆಸರು. ಅಲ್ಲಿಂದ ಹೊರಟ ಬೆಳಕು ಭೂಮಿಯನ್ನು ಮುಟ್ಟಲು ಸುಮಾರು 50 ಕೋಟಿ ವರ್ಷ ಬೇಕು.

1941ರಲ್ಲಿ ಇದನ್ನು ಗುರುತಿಸಿದವರು ಅಮೆರಿಕದಲ್ಲಿ ನೆಲೆಸಿದ್ದ ಸ್ವಿಸ್ ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ. ದೊಡ್ಡ ಗ್ಯಾಲಕ್ಸಿಗಳು ಸಾಮಾನ್ಯವಾಗಿ ಸುರುಳಿಯಂತೆಯೋ ಮೊಟ್ಟೆಯಂತೆಯೋ ಇರುತ್ತವೆ. ಈ ಬಳೆ ಎಲ್ಲಿಂದ ಬಂತು? ಪ್ರಶ್ನೆ ಒಗಟಾಗಿಯೇ ಉಳಿಯಿತು.

ವಿಶೇಷವೆಂದರೆ, ಉತ್ತರದ ಕಡೆಗಿನ ಹೆಜ್ಜೆಯೊಂದು ಅದೇ ವರ್ಷ ಸ್ವೀಡನ್ನಿನಲ್ಲಿ ಬಿದ್ದಿತ್ತು. ಗ್ಯಾಲಕ್ಸಿಗಳು ಹತ್ತಿರ ಹಾದುಹೋದರೆ ಏನಾಗುತ್ತದೆ ಎಂದು ತಿಳಿಯಲು ಎರಿಕ್ ಹೋಲ್ಮ್‌ಬರ್ಗ್ ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಅವರು ಒಂದೊಂದು ಗ್ಯಾಲಕ್ಸಿಗೆ 37ರಂತೆ ವಿದ್ಯುತ್ ಬಲ್ಬುಗಳನ್ನು ಜೋಡಿಸಿದರು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಗುರುತ್ವಾಕರ್ಷಣೆಯದೂ ಅದೇ ಲೆಕ್ಕ. ಬಲ್ಬುಗಳ ಬೆಳಕನ್ನು ಅಳೆದು ಸೆಳೆತವನ್ನು ಕಂಡುಕೊಂಡು, ಅದಕ್ಕೆ ತಕ್ಕಂತೆ ಅವನ್ನು ಸರಿಸುತ್ತ ಹೋದರು. ಹತ್ತಿರ ಬಂದ ಗ್ಯಾಲಕ್ಸಿಗಳು ಪರಸ್ಪರ ಆಕಾರ ಕೆಡಿಸುತ್ತವೆ ಎಂಬುದು ಕಂಡುಬಂತು.

ಬಳೆಯ ಗುಟ್ಟು ಬಯಲಾಗಲು ಕಂಪ್ಯೂಟರ್ ಯುಗವೇ ಬರಬೇಕಾಯಿತು. 1976ರಲ್ಲಿ ರೋಜರ್ ಲಿಂಡ್ಸ್ ಮತ್ತು ಅಲಾರ್ ತೂಮ್ರೆ ಬಳೆ ಗ್ಯಾಲಕ್ಸಿಗಳು ಹುಟ್ಟುವ ಬಗೆಯನ್ನು ವಿವರಿಸಿದರು. ತಟ್ಟೆಯಾಕಾರದ ಗ್ಯಾಲಕ್ಸಿಯ ನಟ್ಟನಡುವೆ ಸಣ್ಣ ಗ್ಯಾಲಕ್ಸಿಯೊಂದು ತೂರಿ ಹೋಗುತ್ತದೆ. ಆ ಕ್ಷಣ ಸೆಳೆತ ಹೆಚ್ಚಿ, ದೊಡ್ಡದರ ನಕ್ಷತ್ರಗಳು ಒಳಕ್ಕೆ ಬಾಗುತ್ತವೆ. ಅತಿಥಿ ದಾಟಿದ ಮೇಲೆ ಸೆಳೆತ ಸಡಿಲಗೊಂಡು ಹೊರಕ್ಕೆ ಪುಟಿಯುತ್ತವೆ. ಒಳಗಿನವು ಬೇಗ, ಹೊರಗಿನವು ತಡವಾಗಿ. ಈ ಹಿಂದುಮುಂದಿನಿಂದ ಉಂಟಾಗುವ ದಟ್ಟಣೆ, ಕೆರೆಗೆ ಕಲ್ಲು ಬಿದ್ದಾಗಿನ ಅಲೆಯಂತೆ, ಬಳೆಯಾಗಿ ಹರಡುತ್ತದೆ.

ಡಿಕ್ಕಿ ಎಂದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದಿಲ್ಲವೆಂದೇ ಹೇಳಬಹುದು. ಅವುಗಳ ನಡುವಿನ ಅಂತರ ಅಷ್ಟು ದೊಡ್ಡದು. ಒತ್ತಡಕ್ಕೆ ಸಿಲುಕುವುದು ಅನಿಲ. ಅದು ದಟ್ಟವಾದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಬಂಡಿಚಕ್ರದ ಬಳೆ ಮಿನುಗುವುದು ಈ ಎಳೆಯ ನಕ್ಷತ್ರಗಳಿಂದಲೇ.

ತೂರಿಹೋದ ಗ್ಯಾಲಕ್ಸಿ ಯಾವುದು? ಬಳೆಯ ಮಗ್ಗುಲಲ್ಲೇ ಇರುವ ಎರಡರ ಮೇಲೆ ಗುಮಾನಿಯಿತ್ತು. ಆದರೆ ರೇಡಿಯೊ ದೂರದರ್ಶಕಕ್ಕೆ ಜಲಜನಕದ ಜಾಡೊಂದು ಸಿಕ್ಕಿತು. 1996ರಲ್ಲಿ ಪ್ರಕಟವಾದ ಈ ವಿವರದ ಪ್ರಕಾರ, ಜಾಡು ಇನ್ನೂ ದೂರದ ಮೂರನೆಯ ಗ್ಯಾಲಕ್ಸಿಯತ್ತ ಚಾಚಿದೆ. ಗುಮಾನಿ ಅತ್ತ ಹೊರಳಿತು.

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರ ಈ ಚಕ್ರದ ದೂಳು, ಕಡ್ಡಿಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಸುಮಾರು 44 ಕೋಟಿ ವರ್ಷಗಳಿಂದ ಹಿಗ್ಗುತ್ತಿರುವ ಈ ಬಳೆ ಶಾಶ್ವತವಲ್ಲ. ಕೆರೆಯ ಅಲೆಯಂತೆ ಅದೂ ಒಂದು ದಿನ ಚದುರಿಹೋಗುತ್ತದೆ.