ಸಿಹಿ ಸಾಂದ್ರೀಕೃತ ಹಾಲು: ಬಳಕೆ ಮತ್ತು ಶೇಖರಣೆ ಕುರಿತು ಸಾರ್ವಜನಿಕ ಮಾಹಿತಿ

ಹಾಲಿನಲ್ಲಿರುವ ನೀರಿನ ಅಂಶವನ್ನು ಭಾಗಶಃ ಬೇರ್ಪಡಿಸಿ, ಸಕ್ಕರೆ ಸೇರಿಸಿ ಸಿದ್ಧಪಡಿಸಿದ ಉತ್ಪನ್ನವೇ ಸಿಹಿ ಸಾಂದ್ರೀಕೃತ ಹಾಲು. ಅಂಗಡಿಗಳಲ್ಲಿ ಇದನ್ನು ಕಂಡೆನ್ಸ್ಡ್ ಮಿಲ್ಕ್ ಎಂದೇ ಕೇಳಿ ಪಡೆಯುವುದು ರೂಢಿ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನಕದಂತೆ ಇದರಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 8 ಹಾಗೂ ಹಾಲಿನ ಒಟ್ಟು ಘನಾಂಶ ಕನಿಷ್ಠ ಶೇ. 28 ಇರತಕ್ಕದ್ದು. ಕೆನೆಯನ್ನು ಭಾಗಶಃ ಅಥವಾ ಪೂರ್ಣವಾಗಿ ತೆಗೆದ ಬಗೆಗಳೂ ಇರುವುದರಿಂದ ಖರೀದಿಗೆ ಮುನ್ನ ಲೇಬಲ್ ಓದುವುದು ಸೂಕ್ತ.

ಶಿಶುಗಳಿಗೆ ನೀಡಬಾರದು

ಈ ಉತ್ಪನ್ನವನ್ನು ನೀರಿನಲ್ಲಿ ಕದಡಿ ಎದೆಹಾಲಿಗೆ ಬದಲಾಗಿ ಶಿಶುಗಳಿಗೆ ಕುಡಿಸುವುದು ಅಪಾಯಕಾರಿ. ಇದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಸಕ್ಕರೆಯೇ ಆಗಿರುತ್ತದೆ. ಶಿಶುವಿನ ಬೆಳವಣಿಗೆಗೆ ಅವಶ್ಯವಾದ ಪೋಷಕಾಂಶಗಳು ಸೂಕ್ತ ಪ್ರಮಾಣದಲ್ಲಿ ಇರುವುದಿಲ್ಲ. ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು 1939ರಲ್ಲಿಯೇ ಸಿಂಗಪುರದಲ್ಲಿ ಈ ಪದ್ಧತಿಯ ವಿರುದ್ಧ ಬಹಿರಂಗವಾಗಿ ಎಚ್ಚರಿಸಿದ್ದರು. ಹಾಲು ಎಂಬ ಹೆಸರೇ ತಪ್ಪು ಕಲ್ಪನೆಗೆ ಎಡೆಮಾಡುವುದರಿಂದ, ಮನೆಯ ಹಿರಿಯರಿಗೂ ಈ ವಿಷಯವನ್ನು ತಿಳಿಸುವುದು ಅಗತ್ಯ. ಮಧುಮೇಹ ಉಳ್ಳವರು ವೈದ್ಯರ ಸಲಹೆ ಪಡೆದು ಬಳಸತಕ್ಕದ್ದು.

ಅಡುಗೆಯಲ್ಲಿ ಬಳಕೆ

ಪಾಯಸಕ್ಕೆ ಬಳಸುವಾಗ ಶಾವಿಗೆ ಅಥವಾ ಅಕ್ಕಿಯನ್ನು ಮೊದಲು ಹಾಲಿನಲ್ಲಿ ಪೂರ್ಣವಾಗಿ ಬೇಯಿಸಿ, ಉರಿ ತಗ್ಗಿಸಿ, ಕೊನೆಯಲ್ಲಿ ಇದನ್ನು ಸೇರಿಸಬೇಕು. ಮೊದಲೇ ಸೇರಿಸಿದಲ್ಲಿ ತಳ ಹಿಡಿಯುತ್ತದೆ. ಅಕ್ಕಿಯೂ ಸರಿಯಾಗಿ ಬೇಯುವುದಿಲ್ಲ. ರುಚಿ ನೋಡದೆ ಸಕ್ಕರೆ ಹಾಕಬಾರದು. ಬೆಲ್ಲದ ಪಾಯಸಕ್ಕೆ ಬಳಸುವುದಾದರೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ನಂತರ ಬೆರೆಸುವುದು ಒಳಿತು, ಇಲ್ಲವಾದಲ್ಲಿ ಒಡೆಯುವ ಸಂಭವವಿದೆ. ಕೊಬ್ಬರಿ ಮಿಠಾಯಿಗೆ ದಪ್ಪ ತಳದ ಬಾಣಲೆಯಲ್ಲಿ ತೆಂಗಿನ ತುರಿಯೊಡನೆ ಸಣ್ಣ ಉರಿಯಲ್ಲಿ, ಮಿಶ್ರಣವು ಬಾಣಲೆಯ ಅಂಚು ಬಿಡುವವರೆಗೆ ಕೈಬಿಡದೆ ಮಗುಚಬೇಕು. ಪಾಕದ ಹದ ನೋಡುವ ಅವಶ್ಯಕತೆ ಇಲ್ಲದಿರುವುದೇ ಇದರ ಅನುಕೂಲ.

ಮುಚ್ಚಿದ ಡಬ್ಬಿಯನ್ನು ನೀರಿನಲ್ಲಿಟ್ಟು ಗಂಟೆಗಟ್ಟಲೆ ಕುದಿಸಿ ಕಂದುಬಣ್ಣದ ಸಿಹಿ ತಯಾರಿಸುವ ವಿಧಾನವನ್ನು ಅನುಸರಿಸಬಾರದು. ನೀರು ಬತ್ತಿದಲ್ಲಿ ಒಳಗಿನ ಒತ್ತಡದಿಂದ ಡಬ್ಬಿ ಸಿಡಿದು ತೀವ್ರ ಸುಟ್ಟಗಾಯಗಳಾಗಬಹುದು. ತೆರೆದ ಪಾತ್ರೆಗೆ ಸುರಿದು ಮಗುಚುತ್ತಾ ಕಾಯಿಸಿದರೂ ಅದೇ ಫಲ ದೊರೆಯುತ್ತದೆ.

ಶೇಖರಣೆ

ಸಕ್ಕರೆಯ ಸಾಂದ್ರತೆಯಿಂದಾಗಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಲಭಿಸದ ಕಾರಣ ತೆರೆಯದ ಡಬ್ಬಿಯು ಫ್ರಿಜ್ ಇಲ್ಲದೆಯೂ ಬಾಳಿಕೆ ಬರುತ್ತದೆ. ಆದರೆ ಒಲೆಯ ಪಕ್ಕದಲ್ಲಿ ಇಡಬಾರದು. ಬಿಸಿಗೆ ಕಂದಾಗಿ ಗಟ್ಟಿಯಾಗುತ್ತದೆ. ತೆರೆದ ನಂತರ ಉಳಿದುದನ್ನು ಡಬ್ಬಿಯಲ್ಲಿಯೇ ಬಿಡದೆ, ಒಣಗಿದ ಗಾಜಿನ ಭರಣಿಗೆ ವರ್ಗಾಯಿಸಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿರಿಸಿ, ಲೇಬಲ್‌ನಲ್ಲಿ ಸೂಚಿಸಿದ ಅವಧಿಯೊಳಗೆ ಉಪಯೋಗಿಸತಕ್ಕದ್ದು. ಒದ್ದೆ ಚಮಚ ತಾಗಿದಲ್ಲಿ ಬೂಷ್ಟು ಹಿಡಿಯುತ್ತದೆ. ನಾಲಿಗೆಗೆ ಮರಳಿನಂತೆ ತಗಲುವ ಕಣಗಳು ಹಾಲಿನ ಸಕ್ಕರೆಯ ಹರಳುಗಳಾಗಿದ್ದು, ಹಾನಿಕರವಲ್ಲ. ಉಬ್ಬಿದ, ಸೋರುವ, ತುಕ್ಕು ಹಿಡಿದ ಡಬ್ಬಿಯನ್ನು ರುಚಿ ನೋಡಲೂ ತೆರೆಯಬಾರದು.

ಪರೀಕ್ಷೆ ಮತ್ತು ದೂರು

ಡಬ್ಬಿಯ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಹಾಗೂ ಬಳಕೆಯ ಅವಧಿ ನಮೂದಾಗಿರಬೇಕು. ದೋಷ ಕಂಡುಬಂದಲ್ಲಿ ಡಬ್ಬಿ ಮತ್ತು ರಸೀದಿಯನ್ನು ಉಳಿಸಿಕೊಂಡು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಪ್ರಕರಣ 40ರನ್ವಯ ಗ್ರಾಹಕರು ತಾವೇ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಲು ಅವಕಾಶವಿದೆ. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ವ್ಯಾಪಾರಿಗೆ ತಿಳಿಸಿರಬೇಕು. ಈ ಷರತ್ತನ್ನು ಬಹುತೇಕರು ಗಮನಿಸುವುದಿಲ್ಲ. ಪದಾರ್ಥವು ಕಾನೂನಿಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ.