ಕಲ್ಲಿನಲ್ಲಿ ಮುಖ
1906ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಥಾಮಸ್ ಬ್ರಾಕ್ ಕಡೆದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಅನಾವರಣಗೊಂಡಿತು. ನಿಲುವಂಗಿಯ ನೆರಿಗೆ, ಮುಖದ ಗಾಂಭೀರ್ಯ ಎಲ್ಲವೂ ಯಥಾವತ್ತು. ಆದರೆ 1898ರಲ್ಲಿಯೇ ಪ್ಯಾರಿಸ್ಸಿನಲ್ಲಿ ರೋಡಿನ್ ರೂಪಿಸಿದ ಬಾಲ್ಜಾಕನ ಪ್ರತಿಮೆಯನ್ನು, ಮಾಡಿಸಿದ ಲೇಖಕರ ಸಂಘವೇ ತಿರಸ್ಕರಿಸಿತ್ತು. ಸಾದೃಶ್ಯವನ್ನು ದಾಟುವುದೇ ಆಧುನಿಕತೆ ಎಂಬ ಮಾತು ಮುಂದೆ ಬಲಗೊಂಡಿತು.

ಕುಂದಾಪುರ, ಬ್ರಹ್ಮಾವರದ ಸೀಮೆಯ ನಮಗೆ ಇದು ಹೊಸತೇನಲ್ಲ. ಮೆಕ್ಕೆಕಟ್ಟಿನ ಮರದ ಭೂತವಿಗ್ರಹಗಳ ಆ ದೊಡ್ಡ ಕಣ್ಣುಗಳು ಯಾವ ವ್ಯಕ್ತಿಯವೂ ಅಲ್ಲ, ಶಕ್ತಿಯವು. ನಮ್ಮ ಶಿಲ್ಪಿಗಳು ಸಾದೃಶ್ಯವನ್ನು ಎಂದೋ ದಾಟಿದ್ದರು.

ಆದ್ದರಿಂದ ಆಧುನಿಕರಿಗೆ ನಿಜವಾದ ಸವಾಲು ಮುಖವನ್ನು ಬಿಡುವುದಲ್ಲ, ಉಳಿಸುವುದು. ಇವನು ಇವನೇ, ಬೇರೊಬ್ಬನಲ್ಲ ಎಂದು ಕಲ್ಲಿನಿಂದ ಹೇಳಿಸುವುದು. ಅಭಿಜಾತ ಮಾದರಿಯ ವ್ಯಕ್ತಿಶಿಲ್ಪ ಕೇಳುವುದು ಅದನ್ನೇ. ಬಾರಕೂರಿನ ವೀರಗಲ್ಲುಗಳ ಮುಂದೆ ನಿಂತಾಗ ಆ ಕೊರತೆ ಕಾಡುತ್ತದೆ: ಮಡಿದವನ ಸಾಹಸ ಉಳಿದಿದೆ, ಮುಖ ಉಳಿದಿಲ್ಲ.